ಅತ್ತಿಗೆಯ ಹೊಟ್ಟೆಯಲ್ಲಿ ಬೆಳಕು

ಕಸ್ತೂರಿ ತನ್ನ ಒಂದು ಕಿಡ್ನಿಯನ್ನು ಅಣ್ಣನ ಹೆಂಡತಿ ರೋಹಿಣಿಗೆ ಕೊಟ್ಟು ವಾರವಾಗಿತ್ತು. ರೋಹಿಣಿಯ ಹೊಟ್ಟೆ ಸೇರಿದ ಆ ಕಿಡ್ನಿ ಇನ್ನೂ ಒಂದು ಹನಿ ಮೂತ್ರ ಇಳಿಸಿರಲಿಲ್ಲ. ಅದು ಸತ್ತಿದೆಯೆಂದು ಗೊತ್ತಾದರೆ ಇವತ್ತೇ ತೆಗೆಯಬೇಕು.

ಮಧ್ಯಾಹ್ನ ಡಾಕ್ಟರ್ ನೂರ್‌ಜಹಾನ್, ರಕ್ತ ಹರಿಯುವ ಅಂಗಗಳು ಚರ್ಮದ ಹೊರಗೂ ಹೊಳೆದು ಕಾಣುವಂತೆ ಮಾಡುವ ಬೆಳಕಿನ ಸೂಜಿ ತಂದರು. ಅದನ್ನು ಕಂಡದ್ದೇ ವಾರ್ಡಿನವರು ತಾವಾಗಿಯೇ ಕಿಟಕಿ ಮುಚ್ಚಿ ಮೊಬೈಲ್ ಆರಿಸಿದರು. ಎದುರು ಹಾಸಿಗೆಯ ಅಜ್ಜಿ ನಿನ್ನೆಯಷ್ಟೇ ತನ್ನ ಬೆನ್ನಲ್ಲಿ ಹೊಳೆಯುತ್ತಿದ್ದ ಎರಡೂ ಕಿಡ್ನಿಗಳನ್ನು ಮೊಮ್ಮಕ್ಕಳಿಗೆ ತೋರಿಸಿ ನಗಿಸಿದ್ದಳು.

ಕಸ್ತೂರಿ ಹೊಲಿಗೆಯ ನೋವಿನಲ್ಲೇ ಎದ್ದು ಬಂದು ಅತ್ತಿಗೆಯ ಕೈ ಹಿಡಿದಳು.

ರೋಹಿಣಿ ಕಣ್ಣು ಮುಚ್ಚಿಕೊಂಡಳು. "ನಾ ನೋಡೂದಿಲ್ಲ, ನೀನೇ ನೋಡಿ ಹೇಳು. ನಿನ್ನ ಕಿಡ್ನಿ ನಾ ದಂಡ ಮಾಡಿದೆ ಅನಸ್ತದ."

"ಕೊಟ್ಟ ಮ್ಯಾಲೆ ಅದು ನಿಮ್ಮದು, ವೈನಿ."

ಸೂಜಿ ಚುಚ್ಚಿದ ತೋಳು ಮೊದಲು ಹೊಳೆಯಿತು, ನಂತರ ಎದೆ. ಆಮೇಲೆ ಬಲ ಕಿಬ್ಬೊಟ್ಟೆಯಲ್ಲಿ ಮಂದ ಬೆಳಕೊಂದು ಮೂಡಿ, ನಿಧಾನವಾಗಿ ಗೋಡಂಬಿಯ ಆಕಾರ ತಳೆಯಿತು.

"ರಕ್ತ ಚೆನ್ನಾಗಿ ಹರೀತಿದೆ," ಎಂದರು ಡಾಕ್ಟರ್. "ಸೋಸೋ ಕೆಲಸ ಇನ್ನೂ ಶುರುವಾಗಿಲ್ಲ, ಆದರೆ ಜೀವ ಇದೆ. ತೆಗೆಯೋದು ಬೇಡ. ಡಯಾಲಿಸಿಸ್ ಮಾಡ್ತಾ ಕಾಯೋಣ."

ರೋಹಿಣಿ ಕಣ್ಣು ತೆರೆದು ನೋಡಿದಳು. ಬೆಳಕು ಆರುವವರೆಗೂ ನೋಡುತ್ತಲೇ ಇದ್ದಳು.

ಇಬ್ಬರೂ ಕಾದರು. ಒಂದು ಬೆಳಿಗ್ಗೆ ಕಸ್ತೂರಿ ಹಲ್ಲುಜ್ಜುತ್ತಿದ್ದಾಗ ನರ್ಸ್ ಕರೆದಳು. ರೋಹಿಣಿಯ ಹಾಸಿಗೆಗೆ ತೂಗುಹಾಕಿದ್ದ ಮೂತ್ರದ ಚೀಲದ ತಳದಲ್ಲಿ ಎರಡು ಚಮಚೆಯಷ್ಟು ಹಳದಿ ನೀರು ನಿಂತಿತ್ತು. ಅತ್ತಿಗೆ ನಾದಿನಿ ಅದನ್ನೇ ನೋಡುತ್ತ ಕುಳಿತರು. ಪಕ್ಕದಲ್ಲಿಟ್ಟಿದ್ದ ಚಹಾ ಆರಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.