ನೀಲಾಳ ನಲವತ್ತು ವರ್ಷದಾಚೆಯ ಹೆಜ್ಜೆ

ಆಪರೇಷನ್‌ಗೆ ಒಪ್ಪುವ ಮೊದಲು, ಮಗು ನಲವತ್ತು ವರ್ಷದ ಮೇಲೆ ನಡೆಯುವ ಸದ್ದನ್ನು ತಾಯಿಗೆ ಕೇಳಿಸುವುದು ಗದಗಿನಲ್ಲಿ ಈಗ ರಕ್ತಪರೀಕ್ಷೆಯಷ್ಟೇ ಮಾಮೂಲು. ದಾಕ್ಷಾಯಿಣಿ ಮಾತ್ರ ಕಾತರದಲ್ಲಿ ಬೆಳಗಿನ ಚಹಾವನ್ನೂ ಮುಟ್ಟಿರಲಿಲ್ಲ. ಮಡಿಲಲ್ಲಿ ಮಲಗಿದ್ದ ಕೂಸು ನೀಲಾಳ ಸೊಂಟದ ಕೀಲು ಹುಟ್ಟಿನಿಂದಲೇ ಜಾರಿತ್ತು. ದಾಕ್ಷಾಯಿಣಿಯದೂ ಹಾಗೆಯೇ, ಅವಳಿಗೆ ಚಿಕ್ಕಂದಿನಲ್ಲಿ ಯಾರೂ ಆಪರೇಷನ್ ಮಾಡಿಸಿರಲಿಲ್ಲ.

"ಆಪರೇಷನ್ ಮಾಡಿಸಿದ್ರ ಹಿಂಗ ನಡೀತಾಳ, ಕೇಳ್ರಿ ಅಕ್ಕಾರ," ಎಂದು ನರ್ಸ್ ಮೆಹರುನ್ನಿಸಾ ಅವಳ ಕಿವಿಗೆ ಹೆಡ್‌ಫೋನ್ ಹಾಕಿದಳು.

ಟಪ್, ಸರ್ರ್. ಟಪ್, ಸರ್ರ್.

ದಾಕ್ಷಾಯಿಣಿಯ ಮುಖ ಬಾಡಿತು. "ಕುಂಟ್ತಾಳಲ್ರಿ. ಸುಮ್ಮನ ಯಾಕ ಕೂಸಿನ ಮೈ ಕೊಯ್ಯೂದು?"

"ಇನ್ನೊಂಚೂರು ಕೇಳ್ರಿ."

ಕುಂಟು ಹೆಜ್ಜೆಯ ಪಕ್ಕದಲ್ಲಿ ಇನ್ನೊಬ್ಬರ ಹೆಜ್ಜೆಯೂ ಇತ್ತು. ಅದು ಸಮವಾಗಿ, ಚುರುಕಾಗಿ ಮುಂದೆ ಓಡುತ್ತಿತ್ತು. ಆಮೇಲೆ ನಿಂತು ಕಾಯುತ್ತಿತ್ತು. ದಾಕ್ಷಾಯಿಣಿ ಕೂಸನ್ನು ನರ್ಸ್ ಕೈಗಿಟ್ಟು, ಹೆಡ್‌ಫೋನ್ ಕಿತ್ತು, ಗೋಡೆಯಿಂದ ಗೋಡೆಗೆ ನಡೆದು ನೋಡಿದಳು.

ಟಪ್, ಸರ್ರ್.

"ಕುಂಟಾಕಿ ನಾನ್ರೀ," ಎಂದಳು, ನಗು ತಡೆಯಲಾಗದೆ. "ಅಕಿ ಮುಂದ ಓಡಿ, ನನ್ನ ಸಲುವಾಗಿ ನಿಂದರತಾಳ. ಆಪರೇಷನ್ ಇವತ್ತ ಮಾಡ್ರಿ."