ಹೆಪ್ಪಿನ ಉಪಕಾರ

ಮುಚ್ಚಳ ತೆಗೆದು ಮೂಸಿದ ಶಿವಲಿಂಗಮ್ಮ ಗಡಿಗೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು. ನೆಲುವಿನ ಮೇಲಿಟ್ಟಿದ್ದ ಹೆಪ್ಪಿಗೆ ಹಸಿರು ಬೂಷ್ಟು ಹಿಡಿದಿತ್ತು. ಡ್ಯಾಮಿನಿಂದ ನೀರು ಬಿಡುತ್ತಾರೆಂದು ಡಂಗುರ ಸಾರಿದಾಗ ಎಮ್ಮೆಯನ್ನು ಹೊಳೆಯಲ್ಲಿ ಈಜಿಸಿ, ತಾವು ಹರಿಗೋಲು ಹತ್ತಿ, ಆನೆಗೊಂದಿ ದಂಡೆಯ ಶಾಲೆಗೆ ಹೋಗಿ ಉಳಿದಿದ್ದರು. ನೀರಿಳಿದ ಮೇಲೆ ಇವತ್ತು ತಮ್ಮ ನಡುಗಡ್ಡೆಗೆ ಮರಳಿದರೆ, ಮನೆ ನೆಟ್ಟಗಿತ್ತು, ಹೆಪ್ಪು ಸತ್ತಿತ್ತು.

"ಅತ್ತಿ ಕೊಟ್ಟ ಹೆಪ್ಪಿದು. ಒಂದಿನಾನೂ ತಪ್ಪಿಸಿದ್ದಿಲ್ಲ ನಾ," ಎಂದು ಕಣ್ಣೊರೆಸಿಕೊಂಡಳು.

"ಅದಕ್ಯಾಕ ಅಳ್ತೀ? ಗಂಗಾವತಿಯಿಂದ ಪ್ಯಾಕೆಟ್ ಮೊಸರು ತರ್ತೀನಿ," ಅಂದ ಗಂಡ ದ್ಯಾಮಣ್ಣ.

"ಪ್ಯಾಕೆಟ್ಟಿನ್ಯಾಗ ನಿಮ್ಮವ್ವನ ಕೈರುಚಿ ಬರ್ತೈತೇನ್ರಿ?"

ದ್ಯಾಮಣ್ಣ ಎಮ್ಮೆ ಕಟ್ಟಲು ಅಂಗಳಕ್ಕೆ ನಡೆದ. ಹರಿಗೋಲು ಇಳಿದು ಬಂದವರ ಕೈಗೆ ಮೊದಲು ಒಂದು ಬಟ್ಟಲು ಜೋಳದ ಅಂಬಲಿ ಕೊಡುವುದು ನಡುಗಡ್ಡೆಯ ಪದ್ಧತಿ, ಮಾತುಕತೆಯೆಲ್ಲ ಆಮೇಲೆ. ಆ ಅಂಬಲಿಗೆ ಜೀವ ಬರುವುದು ಮಜ್ಜಿಗೆಯಿಂದ. ಶಿವಲಿಂಗಮ್ಮನ ಮಜ್ಜಿಗೆಗೋ ಅದರದೇ ಒಂದು ಹುಳಿ. ಕುಡಿದವರು ಇನ್ನೊಂದು ಬಟ್ಟಲಿಗೆ ಕೈಚಾಚದೆ ಏಳುತ್ತಿರಲಿಲ್ಲ. ಈಗ ಬಂದವರಿಗೆ ಬರೀ ನೀರಂಬಲಿ ಕೊಡಬೇಕೇ ಎಂದುಕೊಳ್ಳುತ್ತ ಅವಳು ಗಡಿಗೆಯ ಬೂಷ್ಟನ್ನು ಉಜ್ಜಿ ತೊಳೆದಳು.

ಹೊತ್ತೇರುವಷ್ಟರಲ್ಲಿ ಹರಿಗೋಲಿನಿಂದ ಲಾಲಬೀ ಇಳಿದಳು. ಆಚೆ ದಂಡೆಯವಳು, ಊರೂರು ತಿರುಗಿ ಬಳೆ ಮಾರುವವಳು. ಇವತ್ತು ತಲೆಯ ಮೇಲೆ ಬಳೆಯ ಬುಟ್ಟಿ ಇರಲಿಲ್ಲ. ಸೆರಗಿನ ಮರೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು.

"ಮನಿ ಬಿಟ್ಟು ಹೋದ್ರ ಹೆಪ್ಪು ಉಳೀತೈತೇನ್ ಅಕ್ಕಾ? ಅದಕ್ಕ ತಂದೆ. ತಗೋರಿ."

ಶಿವಲಿಂಗಮ್ಮ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಅದೇ ಹುಳಿ, ಅತ್ತೆಯ ಹುಳಿ.

"ಲಾಲಬೀ, ಇದು ನಮ್ಮನಿದು!"

"ನಿಮ್ಮದ ಅಕ್ಕಾ. ನಾ ಮದುವ್ಯಾಗಿ ಬಂದ ವರ್ಷ ನೀವ ಕೊಟ್ಟಿದ್ರಿ. ಮರ್ತೀರೇನು?"

ಮರೆತೇಬಿಟ್ಟಿದ್ದಳು. ಕೊಟ್ಟದ್ದನ್ನು ನೆನಪಿಡುವ ಜಾಯಮಾನ ಅವಳದಲ್ಲ. ಇಸಿದುಕೊಂಡದ್ದಾದರೆ ಬೇರೆ, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯುವವಳು, ದಡ ಮುಟ್ಟಿಸಿದ ಹರಿಗೋಲಿಗೂ ಕೈಮುಗಿದು ಇಳಿಯುವವಳು. ಲಾಲಬೀಯ ಕೈ ಹಿಡಿದುಕೊಂಡಳು.

"ಲಾಲಬೀ, ನಿನ್ನ ಉಪಕಾರ..."

ಲಾಲಬೀ ತಟ್ಟನೆ ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟಳು. "ಅನಬ್ಯಾಡ್ರಿ! ಹೆಪ್ಪು ಕೊಟ್ಟವ್ರಿಗೆ ಉಪಕಾರ ಅಂದ್ರ ಹಾಲು ಮೊಸರಾಗಂಗಿಲ್ಲ. ನೀವ ಹೇಳಿದ್ದು."

ಹೌದು, ಅದೂ ಅತ್ತೆಯದೇ ಕಟ್ಟಳೆ. ಮುರಿಯುವಂತಿಲ್ಲ. ಡಬ್ಬಿಯ ಅರ್ಧ ಬೆಚ್ಚನೆಯ ಹಾಲಿಗೆ ಹೋಯಿತು, ಉಳಿದರ್ಧ ಅಂಬಲಿಗೆ. ಮೊದಲ ಬಟ್ಟಲು ಲಾಲಬೀಗೆ ಕೊಟ್ಟು, ನೆಂಚಿಕೊಳ್ಳಲು ಉಳ್ಳಾಗಡ್ಡಿ ಒಡೆದಿಟ್ಟಳು. ತಾನೂ ಕುಡಿದಳು. ಆದರೆ ಗಂಟಲಲ್ಲಿ ನಿಂತ ಮಾತು ಅಂಬಲಿಯ ಜೊತೆ ಒಳಗಿಳಿಯಲೊಲ್ಲದು.

ಕಡೆಗೆ ತಡೆಯಲಾರದೆ ಎದ್ದು ಅಂಗಳಕ್ಕೆ ಹೋದಳು. ಎಮ್ಮೆಯ ಕೊರಳು ತಬ್ಬಿ, ಒಳಗೆ ಕೂತವಳಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ನನ್ನವ್ವಾ, ನಮ್ಮತ್ತೀನ ತಿರುಗಿ ಮನಿಗೆ ಕರ್ಕೊಂಡು ಬಂದಿ ನೀ. ನಿನ್ನ ಉಪಕಾರ ಈ ಜನ್ಮದಾಗ ತೀರಂಗಿಲ್ಲ."

ಎಮ್ಮೆ ಕಿವಿ ಬಡಿಯಿತು. ಬಾಗಿಲಿಗೆ ಬಂದು ನಿಂತ ಲಾಲಬೀ ಸೆರಗಿನಿಂದ ಬಾಯಿ ಒರೆಸಿಕೊಂಡು, ಖಾಲಿ ಬಟ್ಟಲನ್ನು ಮುಂದೆ ಚಾಚಿದಳು.

"ನೀವು ಹೆಪ್ಪು ಕೊಟ್ಟ ದಿನ ನಾನೂ ನಮ್ಮ ಆಡಿನ ಮುಂದ ಇದನ್ನ ಹೇಳಿದ್ದೆ ಅಕ್ಕಾ."