ಮೆಕ್ಯಾನಿಕ್‌ಗೆ ಏನು ಸಿಕ್ಕಿತು

ನಿಜ ಹೇಳಿದ್ದಕ್ಕೆ ಮೆಕ್ಯಾನಿಕ್ ತೆತ್ತ ಬೆಲೆ ಇಷ್ಟು: ಇಪ್ಪತ್ತೆರಡು ವರ್ಷದ ನೌಕರಿ, ಬಸ್ ಡಿಪೋದ ಹಿಂದಿನ ಎರಡು ಕೋಣೆಯ ಮನೆ, ಮಗಳ ನರ್ಸಿಂಗ್ ಓದು. ಕೋರ್ಟಿನಲ್ಲಿ ಅವನು ಹೇಳಿದ್ದು ಎರಡೇ ಮಾತು. "ಬಸ್ಸು ಹೊರಡೋವಾಗ್ಲೇ ಬ್ರೇಕ್ ಕೆಟ್ಟಿತ್ತು. ಸರಿ ಇದೆ ಅಂತ ನಾನು ರಿಜಿಸ್ಟರಲ್ಲಿ ಬರೆದದ್ದು ಅಪಘಾತದ ಮರುದಿನ, ಮ್ಯಾನೇಜರ್ ಹೇಳಿದ ಮೇಲೆ."

ಬಸ್ಸು ಗುದ್ದಿ ದಾರಿಹೋಕನೊಬ್ಬ ಸತ್ತಿದ್ದ. ಆ ಎರಡು ಮಾತಿನಿಂದ ಡ್ರೈವರ್‌ಗೆ ಜೈಲು ತಪ್ಪಿತು. ಸುಳ್ಳು ಬರೆದ ತಪ್ಪಿಗೆ ಮೆಕ್ಯಾನಿಕ್ ಮನೆಗೆ ಹೋದ. ಬರೆಸಿದ ಮ್ಯಾನೇಜರ್ ಬೇರೆ ಡಿಪೋಗೆ ಹೋದ, ಬಡ್ತಿಯ ಮೇಲೆ.

ಮೆಕ್ಯಾನಿಕ್‌ನನ್ನು ಮತ್ತೆ ಸೇರಿಸಿಕೊಳ್ಳಿ ಎಂಬ ಅರ್ಜಿ ಕ್ಯಾಂಟೀನಿನ ಅಕ್ಕನ ಕೈಯಲ್ಲಿತ್ತು. ಡಿಪೋದವರೆಲ್ಲ ಸಹಿ ಹಾಕಿದರೆ ನೋಡೋಣ ಎಂದಿದ್ದ ಹೊಸ ಮ್ಯಾನೇಜರ್. ಇವತ್ತೇ ಕೊನೆಯ ದಿನ. ಸಹಿ ಹಾಕಲು ಉಳಿದಿದ್ದವರು ಒಂದು ಬೆಂಚಿನಷ್ಟು ಜನ. ಅವರೆಲ್ಲ ವಕೀಲನ ಮುಖ ನೋಡುತ್ತಿದ್ದರು.

ವಕೀಲ ಎಂಬುದು ಅಡ್ಡಹೆಸರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಸಾಧಿಸುವ ಆಸಾಮಿ. ಬಹಳ ದಿನಗಳ ಮೇಲೆ ಕ್ಯಾಂಟೀನಿಗೆ ಬಂದಿದ್ದ. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದ.

"ಲಾಭ ಇಲ್ದೆ ಯಾರೂ ಬಾಯಿ ಬಿಡಲ್ಲ ಅಕ್ಕ. ಯಾವ್ದೋ ಖಾಸಗಿ ಗ್ಯಾರೇಜಿನೋರು ಕರೆದಿರ್ತಾರೆ."

"ಯಾರೂ ಕರೀಲಿಲ್ಲ. ಸೈಕಲ್ ಪಂಕ್ಚರ್ ಹಾಕ್ತಾ ಕೂತಿದಾರೆ."

"ಹಾಗಾದ್ರೆ ಹೆಸರಿನ ಆಸೆ."

"ಬಂತಲ್ಲ ಹೆಸರು. ಸುಳ್ಳು ಬರೆದ ಮೆಕ್ಯಾನಿಕ್ ಅಂತ ಪೇಪರಲ್ಲಿ."

"ಉಳಿಸಿದೋರಿಗೂ ಉಳಿದೋರಿಗೂ ಏನಾದ್ರೂ ನಂಟಸ್ತಿಕೆ ಇರ್ಬೇಕು," ಎಂದು ಬೆಂಚಿನ ತುದಿಯ ಕಂಡಕ್ಟರ್ ನಕ್ಕ.

"ಏಳು ವರ್ಷದಿಂದ ಮುಖ ಕೊಟ್ಟು ಮಾತಿಲ್ಲ. ನಂಟಸ್ತಿಕೆಯಂತೆ." ಅಕ್ಕ ವಕೀಲನತ್ತ ತಿರುಗಿದಳು. "ನಿನಗೆ ಗೊತ್ತಿಲ್ಲದ್ದೇನಪ್ಪ?"

ವಕೀಲ ಒಂದು ಗುಟುಕು ಚಹಾ ಹೀರಿದ.

"ಸರಿ, ಹೀಗೆ ನೋಡಿ. ಸುಳ್ಳು ಬರೆದ ಮೇಲೆ ಆ ಮನುಷ್ಯನಿಗೆ ನಿದ್ದೆ ಹತ್ತಿರಲ್ಲ. ನಿದ್ದೆ ಬರ್ಲಿ ಅಂತ ನಿಜ ಹೇಳಿದ. ಅದೂ ಸ್ವಾರ್ಥಾನೇ ಅಲ್ವಾ? ತನ್ನ ಸುಖಕ್ಕೆ ತಾನು ಮಾಡ್ಕೊಂಡಿದ್ದಕ್ಕೆ ಬೇರೆಯೋರು ಯಾಕೆ ಋಣ ಹೊರಬೇಕು?"

ಬೆಂಚಿಗೆ ಬೆಂಚೇ ತಲೆದೂಗಿತು. ಸಹಿ ಹಾಕದಿರಲು ಇಷ್ಟು ಅಂದದ ಕಾರಣ ಬಿಟ್ಟಿಯಾಗಿ ಸಿಕ್ಕರೆ ಬೇಡವೆನ್ನುವವರು ಯಾರು?

"ಅಂಥ ಸ್ವಾರ್ಥ ನಿನಗೂ ಒಂದು ಚೂರು ಇದ್ದಿದ್ರೆ ಚೆನ್ನಾಗಿತ್ತು," ಎಂದಳು ಅಕ್ಕ, ಲೋಟ ತೊಳೆಯುತ್ತಾ.

ಎಲ್ಲರೂ ನಕ್ಕರು. ಪೆನ್ನನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಹೊರಗೆ ಸೀಟಿ ಕೇಳಿಸಿತು. ವಕೀಲ ಅರ್ಜಿಯನ್ನು ಮೇಜಿನಾಚೆ ಸರಿಸಿ ಎದ್ದ. ಬೆಂಚೂ ಅವನ ಹಿಂದೆಯೇ ಖಾಲಿಯಾಯಿತು.

ಮೆಕ್ಯಾನಿಕ್‌ನ ನೌಕರಿ ಹೋದದ್ದು ಹೋದದ್ದೇ ಆಯಿತು. ವಕೀಲ ಮಾತ್ರ ಆರು ತಿಂಗಳ ಅಮಾನತು ಮುಗಿಸಿ, ನಿರ್ದೋಷಿ ಎಂಬ ತೀರ್ಪನ್ನು ಜೇಬಿನಲ್ಲಿಟ್ಟುಕೊಂಡು, ತನ್ನ ಹಳೆಯ ಬಸ್ಸಿನ ಡ್ರೈವರ್ ಸೀಟಿಗೆ ಹತ್ತಿದ.